ಚೀಟಿ ಇಲ್ಲದ ನಾಲ್ಕು ಚೀಲಗಳು

ಆ ಎರಡು ವರ್ಷಗಳನ್ನು ನೆನೆದರೆ ಮೊದಲು ನೆನಪಿಗೆ ಬರುವುದು ಕುತ್ತಿಗೆಯ ನೋವು. ಸಮುದ್ರ, ಜೀವಿಗಳು, ಅವುಗಳ ಅಳಿವು ಎಲ್ಲ ಆಮೇಲೆ. ವಾರದ ಆರು ದಿನ ಮೂಡಬಿದ್ರೆಯ ಶಾಲೆಯಲ್ಲಿ ವಿಜ್ಞಾನ ಪಾಠ, ಸಂಜೆ ಮನೆಯಲ್ಲಿ ಉತ್ತರಪತ್ರಿಕೆಗಳ ಕಟ್ಟು, ಉಳಿದ ಒಂದು ಆದಿತ್ಯವಾರ ಬಂಟ್ವಾಳ. ಬೆಳಗಿನ ಬಸ್ಸಿನಲ್ಲಿ ಸಿದ್ಧಕಟ್ಟೆಯ ದಾರಿಯಾಗಿ ಹೋಗಿ, ಪೇಟೆಯಲ್ಲಿ ಇಳಿದು, ಒಂದು ಮಾಳಿಗೆ ಮನೆಯ ಮರದ ಮೆಟ್ಟಿಲು ಹತ್ತಿ, ಕಿಟಕಿಯ ಪಕ್ಕದ ಸೂಕ್ಷ್ಮದರ್ಶಕದ ಮುಂದೆ ಬಗ್ಗಿ ಕೂತರೆ ಮೂರು ಗಂಟೆಯವರೆಗೆ ಏಳುವಂತಿರಲಿಲ್ಲ. ಅರವತ್ತರ ದಶಕದ ಆರಂಭ. ನನಗೆ ಆಗ ಇಪ್ಪತ್ತಾರೋ ಇಪ್ಪತ್ತೇಳೋ.

ಆ ಮಾಳಿಗೆಯಲ್ಲಿದ್ದವರು ಒಬ್ಬ ಭೂವಿಜ್ಞಾನಿ. ಬೆಳ್ತಂಗಡಿಯಲ್ಲಿ ಹುಟ್ಟಿ, ತಮಿಳು ಸೀಮೆಯಲ್ಲಿ ಕಲ್ಲುಮಣ್ಣುಗಳನ್ನು ಪರೀಕ್ಷಿಸುವ ಕೆಲಸದಲ್ಲಿ ಬಹುಕಾಲ ಇದ್ದು, ಕಣ್ಣು ಕೆಟ್ಟದ್ದರಿಂದ ಕೆಲಸ ಬಿಟ್ಟು ಬಂಟ್ವಾಳದಲ್ಲಿ ಅಕ್ಕನ ಜೊತೆ ಇದ್ದರು. ಅಕ್ಕ ವಿಧವೆ, ಮನೆ ಅವರದು. ನಮ್ಮ ಮುಖ್ಯೋಪಾಧ್ಯಾಯಿನಿಗೆ ಅವರು ದೂರದ ಸಂಬಂಧ. ನಾನು ಮಂಗಳೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳೆಂದು ತಿಳಿದು ಆಕೆಯೇ ಒಂದು ದಿನ ನನ್ನನ್ನು ಕರೆದು, "ಅಲ್ಲಿ ಒಬ್ಬರಿಗೆ ಎರಡು ಕಣ್ಣು ಬೇಕಂತೆ. ಹೋಗಿ ಬನ್ನಿ, ಹಿಡಿಸದಿದ್ದರೆ ಬೇಡ" ಎಂದರು.

ನಾನು ಹೋದದ್ದು ಸೂಕ್ಷ್ಮದರ್ಶಕದ ಆಸೆಗೆ. ಕಾಲೇಜು ಬಿಟ್ಟ ಮೇಲೆ ಅದರೊಳಗೆ ಕಣ್ಣಿಟ್ಟಿರಲಿಲ್ಲ. ನಮ್ಮ ಶಾಲೆಯಲ್ಲಿ ಇದ್ದದ್ದು ಬಿರುಕುಬಿಟ್ಟ ಒಂದು ಭೂತಕನ್ನಡಿ ಮಾತ್ರ.

ಅವರಿಗೆ ಐವತ್ತು ದಾಟಿತ್ತು. ಮಾತಾಡುವಾಗ ನನ್ನ ಮುಖ ನೋಡದೆ ಕಿವಿಯ ಕಡೆ ನೋಡುತ್ತಿದ್ದರು. ಮೊದಲು ನನಗೆ ಇರುಸುಮುರುಸಾಯಿತು. ಅವರೇ ವಿವರಿಸಿದರು. "ನೇರ ನೋಡಿದ್ದು ನನಗೆ ಕಾಣುವುದಿಲ್ಲ ಟೀಚರ್. ನಡುವಿನಲ್ಲಿ ಒಂದು ಕಪ್ಪು ಉಂಟು. ಪಕ್ಕದ್ದು ಮಾತ್ರ ಕಾಣ್ತದೆ. ನಡೆದಾಡುವುದಕ್ಕೆ ಅಷ್ಟು ಸಾಕು. ಇದಕ್ಕೆ ಸಾಲದು" ಎಂದು ಸೂಕ್ಷ್ಮದರ್ಶಕದ ತಲೆಯ ಮೇಲೆ ಕೈಯಿಟ್ಟರು.

ಗೋಡೆಯ ಬದಿಯಲ್ಲಿ ಎರಡು ಮರದ ಪೆಟ್ಟಿಗೆಗಳಿದ್ದವು. ಒಳಗೆ ಮೂವತ್ತೆರಡು ಬಟ್ಟೆ ಚೀಲ, ಒಂದೊಂದರಲ್ಲೂ ಒಂದೆರಡು ಸೇರು ಮಣ್ಣು. ಕೆಲಸದಲ್ಲಿದ್ದ ಕೊನೆಯ ವರ್ಷ, ಪೂರ್ವ ಕರಾವಳಿಯ ಹತ್ತಿರದ ಒಂದು ಹಳ್ಳದ ದಂಡೆಯಲ್ಲಿ ಅವರೇ ಅಗೆದು ತಂದದ್ದು. ಕೆಳಗಿನಿಂದ ಮೇಲಕ್ಕೆ ಗೇಣಿಗೆ ಒಂದು ಚೀಲ. ಒಂದನೆಯದು ಎಲ್ಲಕ್ಕಿಂತ ಹಳೆಯದು, ಮೂವತ್ತೆರಡನೆಯದು ಎಲ್ಲಕ್ಕಿಂತ ಹೊಸದು. ಹೊಸದು ಅಂದರೂ ಕೋಟಿಗಟ್ಟಲೆ ವರ್ಷ ಹಳೆಯದೇ. ಆ ದಂಡೆ ಒಂದು ಕಾಲದಲ್ಲಿ ಸಮುದ್ರದ ತಳವಾಗಿತ್ತು. ದೊಡ್ಡ ಹಲ್ಲಿಗಳಂಥ ಪ್ರಾಣಿಗಳು ಭೂಮಿಯಿಂದ ಇಲ್ಲವಾದ ಕಾಲ ಆ ಚೀಲಗಳ ನಡುವೆ ಎಲ್ಲೋ ಇದೆ ಎಂದು ಅವರು ಹೇಳಿದರು. "ದೊಡ್ಡ ಪ್ರಾಣಿಗಳ ಮೂಳೆ ಸಿಗುವುದು ಅಪರೂಪ. ನನಗೆ ಬೇಕಾದದ್ದು ಸಣ್ಣವು. ಹಿಡಿ ಮಣ್ಣಿನಲ್ಲಿ ಸಾವಿರ ಇರ್ತವೆ. ಸಮುದ್ರಕ್ಕೆ ಏನಾಯ್ತು ಅಂತ ಅವಕ್ಕೆ ಗೊತ್ತುಂಟು."

ಫೊರಾಮಿನಿಫೆರಾ ಎಂಬ ಹೆಸರನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಒಂದೇ ಜೀವಕೋಶದ ಪ್ರಾಣಿ. ಮೈಸುತ್ತ ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತದೆ. ಸತ್ತರೆ ಚಿಪ್ಪು ತಳಕ್ಕೆ ಬೀಳುತ್ತದೆ. ಪರೀಕ್ಷೆಗೆ ಬೇಕಾದದ್ದು ಅಷ್ಟೇ ಆಗಿತ್ತು. ಸಾಸಿವೆಗಿಂತ ಸಣ್ಣದಾದ ಆ ಚಿಪ್ಪನ್ನು ಕಣ್ಣಾರೆ ಕಂಡದ್ದು ಬಂಟ್ವಾಳದ ಆ ಕಿಟಕಿಯ ಹತ್ತಿರ.

ಕೆಲಸ ಸುಲಭದ್ದಲ್ಲ. ಚೀಲದಿಂದ ಅರ್ಧ ಮಣ್ಣು ತೆಗೆದು, ಸೋಡಾ ಹಾಕಿದ ನೀರಿನಲ್ಲಿ ನೆನೆಸಿ, ಒಲೆಯ ಮೇಲೆ ಕುದಿಸಬೇಕು. ಅರ್ಧ ಹಾಗೆಯೇ ಉಳಿಸಬೇಕು. ಕುದಿದದ್ದನ್ನು ಹಿತ್ತಾಳೆಯ ಸಣ್ಣ ಜರಡಿಯಲ್ಲಿ ಹಾಕಿ, ಕೆಸರು ಹೋಗಿ ತಿಳಿನೀರು ಬರುವವರೆಗೆ ತೊಳೆಯಬೇಕು. ಅಕ್ಕನಿಗೆ ಇದು ಸ್ವಲ್ಪವೂ ಸರಿಬರುತ್ತಿರಲಿಲ್ಲ.

"ಊರಲ್ಲಿ ಎಲ್ಲರ ಮನೆಯಲ್ಲಿ ಅನ್ನ ಬೇಯ್ತದೆ. ನಮ್ಮ ಮನೆಯಲ್ಲಿ ಮಣ್ಣು ಬೇಯ್ತದೆ. ನೆರೆಯವರು ಕೇಳಿದರೆ ಎಂತ ಹೇಳುವುದು ಮಾರಾಯ?" ಎಂದು ತಮ್ಮನನ್ನು ಕೇಳುತ್ತಿದ್ದರು. ಆದರೆ ಬೆಂಕಿ ಕುಂದದಂತೆ ಸೌದೆ ತಳ್ಳುತ್ತಿದ್ದವರೂ ಅವರೇ.

ಜರಡಿಯಲ್ಲಿ ಉಳಿದ ಚಿಟಿಕೆಯಷ್ಟು ಪುಡಿಯನ್ನು ಬಿಸಿಲಿಗೆ ಒಣಗಿಸಿ, ಕಪ್ಪು ಬಣ್ಣ ಬಳಿದ ತಗಡಿನ ಮೇಲೆ ಹರಡಿ, ಸೂಕ್ಷ್ಮದರ್ಶಕದ ಕೆಳಗೆ ಇಡುವುದು. ಒಂದೆರಡು ಕೂದಲು ಮಾತ್ರ ಉಳಿಸಿದ ಕುಂಚದ ತುದಿಯನ್ನು ನಾಲಿಗೆಗೆ ತಾಗಿಸಿ, ಆ ತೇವದಿಂದ ಒಂದೊಂದೇ ಚಿಪ್ಪನ್ನು ಎತ್ತಿ, ಗೋಂದು ಸವರಿದ ಕಾಗದದ ಮೇಲೆ ಸಾಲಾಗಿ ಕೂರಿಸುವುದು. ಉಸಿರು ಜೋರಾಗಿ ಬಿಟ್ಟರೆ ಒಂದು ಗಂಟೆಯ ಕೆಲಸ ಹಾರಿಹೋಗುತ್ತಿತ್ತು. ಅವರು ಪಕ್ಕದಲ್ಲಿ ಕೂತು ಕೇಳುತ್ತಿದ್ದರು. ನಾನು ಕಂಡದ್ದನ್ನು ಹೇಳಬೇಕು. ಅವರು ಯಾವುದೆಂದು ಗುರುತಿಸಬೇಕು.

ಮೊದಮೊದಲು ಪುಸ್ತಕದ ಕನ್ನಡದಲ್ಲಿ ಹೇಳಿದೆ. "ಸುರುಳಿಯಾಕಾರದಲ್ಲಿ ಕೋಣೆಗಳಿವೆ, ಅಂಚು ಉಬ್ಬಿದೆ."

"ಹಾಗೆ ಹೇಳಿದರೆ ನನಗೆ ಕಾಣುವುದಿಲ್ಲ. ಅದು ಯಾವುದರ ಹಾಗೆ ಉಂಟು ಹೇಳಿ."

ನಾನು ಮತ್ತೊಮ್ಮೆ ನೋಡಿದೆ. "ಪತ್ರೊಡೆಯ ಹೋಳಿನ ಹಾಗೆ, ಸುತ್ತಿದ ಕೆಸುವಿನೆಲೆ ಕೊಯ್ದಲ್ಲಿ ಸುರುಳಿ ಕಾಣ್ತದಲ್ಲ, ಹಾಗೆ. ಸುತ್ತ ಅಂಚಿಗೆ ಎರಡು ಎಳೆ ದಾರ ಹೊಲಿದ ಹಾಗೆ."

ಅವರ ಮುಖ ಅರಳಿತು. "ಹಾಂ! ಈಗ ಕಂಡಿತು. ಅದು ಆಳದ, ಬೆಚ್ಚಗಿನ ಸಮುದ್ರದ್ದು. ಒಳ್ಳೆಯ ಕಾಲದಲ್ಲಿ ಬದುಕಿದ್ದು" ಎಂದು ಉದ್ದದ ಲ್ಯಾಟಿನ್ ಹೆಸರೊಂದನ್ನು ಹೇಳಿ ಬರೆಸಿದರು. ಅಲ್ಲಿಂದ ಮುಂದೆ ನಮ್ಮ ನಡುವೆ ಒಂದು ಭಾಷೆಯೇ ಹುಟ್ಟಿತು. ಎರಡು ಸಾಲಿನ ಕೋಣೆಗಳು ಒಂದರೊಳಗೊಂದು ಹೆಣೆದುಕೊಂಡದ್ದು ಜಡೆ. ಗುಂಡುಗುಂಡಾಗಿ ಒತ್ತಿಕೊಂಡದ್ದು ಎಣ್ಣೆಯಲ್ಲಿ ಉಬ್ಬಿದ ಗೋಳಿಬಜೆ. ಮೂರು ಗುಳ್ಳೆ ಒಟ್ಟಿಗೆ ಅಂಟಿಕೊಂಡ ತೀರ ಚಿಕ್ಕದನ್ನು ನೊರೆ ಎಂದೆವು.

ಮೊದಲ ವರ್ಷ ಒಂದರಿಂದ ಹದಿನಾರರವರೆಗಿನ ಚೀಲಗಳನ್ನು ಮುಗಿಸಿದೆವು. ಎಲ್ಲದರಲ್ಲೂ ಪತ್ರೊಡೆ ಹೋಳುಗಳು ತುಂಬಿದ್ದವು. ದೊಡ್ಡವು, ಅಲಂಕಾರದವು, ಒಂದಕ್ಕಿಂತ ಒಂದು ಚೆಂದ. ಆಮೇಲೆ ಅವರು ಕ್ರಮ ಬಿಟ್ಟು ಎರಡನೆಯ ಪೆಟ್ಟಿಗೆಯಿಂದ ಮೇಲಿನ ಚೀಲಗಳನ್ನು ತೆಗೆಸಿದರು, ಇಪ್ಪತ್ತೊಂದರಿಂದ ಮೂವತ್ತೆರಡು. ಅದೇ ಹಳ್ಳ, ಅದೇ ದಂಡೆ, ಕೆಲವೇ ಗೇಣು ಮೇಲೆ. ಆದರೆ ಒಂದು ಪತ್ರೊಡೆ ಹೋಳೂ ಇಲ್ಲ. ನೊರೆ ಮಾತ್ರ, ಅಲ್ಲೊಂದು ಇಲ್ಲೊಂದು ಸಣಕಲು ಜಡೆ. ಚಿಪ್ಪುಗಳು ತೆಳು, ಕೋಣೆಗಳು ಸೊಟ್ಟ. ಇಡೀ ಬೆಳಗ್ಗೆ ಹುಡುಕಿದರೂ ಕಾಗದದ ಒಂದು ಸಾಲು ತುಂಬುತ್ತಿರಲಿಲ್ಲ.

"ದೊಡ್ಡದು ಒಂದಾದರೂ ಉಂಟಾ ನೋಡಿ" ಎಂದು ಅವರು ಪ್ರತಿ ಸಲ ಕೇಳುತ್ತಿದ್ದರು.

"ಇಲ್ಲ ಸರ್."

"ಸರಿಯಾಗಿ ನೋಡಿದ್ದೀರಾ?"

"ನೋಡಿದ್ದೇನೆ. ಇಲ್ಲ."

ಇಲ್ಲದ್ದನ್ನು ಹುಡುಕುವ ಆಯಾಸ ಇದ್ದದ್ದನ್ನು ಎಣಿಸುವ ಆಯಾಸಕ್ಕಿಂತ ಹೆಚ್ಚಿನದು ಎಂದು ನನಗೆ ಗೊತ್ತಾದದ್ದು ಆಗ. ಸೋಮವಾರ ಶಾಲೆಯಲ್ಲಿ ಕರಿಹಲಗೆ ನೋಡಿದರೆ ಬಲಗಣ್ಣಿನಿಂದ ನೀರು ಸುರಿಯುತ್ತಿತ್ತು. "ವಾರಕ್ಕೊಂದು ದಿನ ಮನೆಯಲ್ಲಿ ಮಲಗಿಕೋ, ನಿನಗೆ ಆ ಮಣ್ಣು ಎಂತ ಕೊಡ್ತದೆ?" ಎಂದು ಅಮ್ಮ ಬೇಸರಪಡುತ್ತಿದ್ದಳು. ಬಿಡಬೇಕೆಂದು ಎಷ್ಟೋ ಸಲ ನಿರ್ಧರಿಸಿದೆ. ಆದರೆ ಆದಿತ್ಯವಾರ ಬೆಳಗಾದರೆ ಕಾಲುಗಳು ಬಸ್ಸಿನ ಕಡೆಗೇ ಹೋಗುತ್ತಿದ್ದವು.

ಉಳಿದದ್ದು ಹದಿನೇಳು, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಆದದ್ದೆಲ್ಲ ಆ ನಾಲ್ಕರೊಳಗೆ ಆಗಿತ್ತು. ದೊಡ್ಡವು ಮೆಲ್ಲಮೆಲ್ಲನೆ ಕಡಿಮೆಯಾಗುತ್ತ ಹೋದವೋ, ಒಂದೇ ಏಟಿಗೆ ಹೋದವೋ? ಅವರ ಇಷ್ಟು ವರ್ಷಗಳ ಪ್ರಶ್ನೆ ಅದೊಂದೇ. ಸಮುದ್ರ ನಿಧಾನವಾಗಿ ಹಿಂದೆ ಸರಿದು, ತಂಪಾಗಿ, ಜೀವಿಗಳು ಮೆಟ್ಟಿಲಿಳಿದಂತೆ ಕಡಿಮೆಯಾಗಿರಬೇಕೆಂದು ಅವರ ಊಹೆ. ಆ ನಾಲ್ಕು ಚೀಲಗಳನ್ನು ಅವರು ಕೊನೆಗೆಂದು ಉಳಿಸಿಕೊಂಡಿದ್ದರು. "ಮಳೆಗಾಲ ಮುಗಿಯಲಿ. ಒಳ್ಳೆಯ ಬಿಸಿಲು ಬರಲಿ. ಮೋಡದ ಬೆಳಕಿನಲ್ಲಿ ಇದನ್ನು ನೋಡುವುದು ಬೇಡ" ಎಂದರು.

ಆ ವರ್ಷದ ಮಳೆ ಕಡಿಮೆಯಾದ ಮೇಲೆ ನಾನು ಹೋದ ಮೊದಲ ಆದಿತ್ಯವಾರ ಅವರು ಮನೆಯಲ್ಲಿರಲಿಲ್ಲ. ಕಣ್ಣಿನ ಔಷಧಿಗೆಂದು ಬೆಳ್ತಂಗಡಿಗೆ ಹೋಗಿದ್ದರು. "ಚೀಲಗಳನ್ನು ತೆಗೆದು ಗಾಳಿಗೆ ಇಡಬೇಕಂತೆ ಟೀಚರ್, ಹೇಳಿ ಹೋಗಿದ್ದಾನೆ" ಎಂದರು ಅಕ್ಕ, ಮತ್ತೆ ಅಡುಗೆಮನೆಗೆ ಹೋದರು.

ಎರಡನೆಯ ಪೆಟ್ಟಿಗೆಯ ಮುಚ್ಚಳ ತೆರೆದಾಗ ಮೊದಲು ಮೂಗಿಗೆ ಬಂದದ್ದು ಹಸಿಮಣ್ಣಿನ ವಾಸನೆ. ಗೋಡೆಯಿಂದ ಗೆದ್ದಲು, ನಮ್ಮ ಕಡೆಯ ಮಾತಿನಲ್ಲಿ ಒರಲೆ, ಹತ್ತಿತ್ತು. ಪೆಟ್ಟಿಗೆಯ ತಳ ಜಾಲರಿಯಂತಾಗಿತ್ತು. ಮುಗಿಸಿದ ಚೀಲಗಳೆಲ್ಲ ಬೇರೆ ಕಡೆ ಇದ್ದವು. ಉಳಿದ ನಾಲ್ಕು ಮಾತ್ರ ಅದರೊಳಗೆ. ಬಟ್ಟೆ ಅಲ್ಲಲ್ಲಿ ತೂತು, ಒಂದು ಚೀಲ ಬದಿಯಿಂದ ಬಾಯಿಬಿಟ್ಟು ಮಣ್ಣು ಹೊರಗೆ ಸುರಿದಿತ್ತು. ಒಳಗಿಟ್ಟಿದ್ದ ಕಾಗದದ ಚೀಟಿಗಳನ್ನು ಒರಲೆ ಪೂರ್ತಿ ತಿಂದಿತ್ತು. ಹೊರಗೆ ಕಟ್ಟಿದ್ದವುಗಳ ದಾರ ಮಾತ್ರ ಉಳಿದಿತ್ತು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆಮೇಲೆ ನಾನು ಮಾಡಿದ್ದನ್ನು ಹೇಳಬೇಕು. ಚೆಲ್ಲಿದ ಮಣ್ಣನ್ನು ಹತ್ತಿರವಿದ್ದ ಚೀಲದ್ದೇ ಎಂದುಕೊಂಡು ಅದಕ್ಕೆ ತುಂಬಿಸಿದೆ. ಅಕ್ಕನ ಹತ್ತಿರ ಹಳೆ ಪಂಚೆ ಕೇಳಿ ಪಡೆದು ನಾಲ್ಕು ಹೊಸ ಚೀಲ ಹೊಲಿದೆ. ಪೆಟ್ಟಿಗೆಯಲ್ಲಿ ಎಡದಿಂದ ಬಲಕ್ಕೆ ಇದ್ದ ಸಾಲನ್ನೇ ನಂಬಿ ಹದಿನೇಳು, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು ಎಂದು ಹೊಸ ಚೀಟಿ ಬರೆದು ಕಟ್ಟಿದೆ. ಆ ಸಾಲು ಸರಿಯೆಂದು ನನಗೆ ಗೊತ್ತಿರಲಿಲ್ಲ. ಮೇಲಿನ ಚೀಲಗಳನ್ನು ತೆಗೆಯುವಾಗ ಇವನ್ನು ನಾನೇ ಎಷ್ಟೋ ಸಲ ಅತ್ತಿತ್ತ ಸರಿಸಿದ್ದೆ. ಅವರು ಬರುವವರೆಗೆ ಕಾದು, ಹೀಗಾಯಿತೆಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ಅಂದು ನಾನು ತೀರ ದಣಿದಿದ್ದೆ. ಎರಡು ವರ್ಷದ ಕೆಲಸ ಹಾಳಾಯಿತೆಂದು ಹೇಳುವುದಕ್ಕೂ, ಅದನ್ನು ಕೇಳಿದ ಅವರ ಮುಖ ನೋಡುವುದಕ್ಕೂ ನನ್ನಲ್ಲಿ ಶಕ್ತಿಯಿರಲಿಲ್ಲ. ಅವರಿಗೆ ಚೀಟಿಯ ಅಕ್ಷರ ಕಾಣುವುದಿಲ್ಲ ಎಂಬುದೂ ಮನಸ್ಸಿನ ಒಂದು ಮೂಲೆಯಲ್ಲಿ ಇತ್ತು. ಮೂರು ಗಂಟೆಯ ಬಸ್ಸು ಹಿಡಿದು ಮನೆಗೆ ಬಂದೆ. ಒರಲೆ ಹತ್ತಿದ್ದರಿಂದ ಪೆಟ್ಟಿಗೆಯನ್ನು ಸುಟ್ಟೆವೆಂದು ಅಕ್ಕ ಅವರಿಗೆ ಹೇಳಿದರಂತೆ. ಚೀಲಗಳು ಕ್ಷೇಮ ಎಂದುಕೊಂಡು ಅವರು ಸುಮ್ಮನಾದರು.

ಮುಂದಿನ ಆರೇಳು ವಾರ ಆ ನಾಲ್ಕು ಚೀಲಗಳನ್ನು ತೊಳೆದು ನೋಡಿದೆವು. ನಾನು ಹದಿನೇಳು ಎಂದು ಬರೆದದ್ದರಲ್ಲಿ ದೊಡ್ಡವು ತುಂಬ. ಹದಿನೆಂಟರಲ್ಲಿ ಬರೀ ನೊರೆ. ಹತ್ತೊಂಬತ್ತರಲ್ಲಿ ನೊರೆಯ ನಡುವೆ ಕೆಲವು ದೊಡ್ಡವು. ಇಪ್ಪತ್ತರಲ್ಲಿ ಮತ್ತೆ ದೊಡ್ಡವು ತುಂಬಿ ತುಳುಕುತ್ತಿದ್ದವು.

ಅವರು ಕುರ್ಚಿಯಿಂದ ಎದ್ದು ನಿಂತರು. "ಮತ್ತೆ ಬಂದಿವೆ! ಒಮ್ಮೆ ಹೋಗಿ ಮತ್ತೆ ಬಂದಿವೆ ಟೀಚರ್! ಸಮುದ್ರ ಒಮ್ಮೆ ಕೆಟ್ಟಿದೆ, ಸುಧಾರಿಸಿದೆ, ಆಮೇಲೆ ಪೂರ್ತಿ ಕೆಟ್ಟಿದೆ. ಇದನ್ನು ಯಾರೂ ನೋಡಿಲ್ಲ. ಗೊತ್ತುಂಟಾ ನಿಮಗೆ, ಯಾರೂ ನೋಡಿಲ್ಲ!" ಮೆಟ್ಟಿಲ ಹತ್ತಿರ ಹೋಗಿ ಅಕ್ಕನನ್ನು ತುಳುವಿನಲ್ಲಿ ಕೂಗಿ ಕರೆದರು. ಅಕ್ಕ ಸೌಟು ಹಿಡಿದೇ ಮೇಲೆ ಬಂದರು. ತಮ್ಮ ನಗುವುದನ್ನು ನೋಡಿ ಅವರೂ ನಕ್ಕರು. ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಾನು ಕುಂಚ ತೊಳೆಯುವ ನೆಪದಲ್ಲಿ ಕೆಳಗೆ ಹೋದೆ.

ಅವರು ಲೇಖನವನ್ನು ಬಾಯಲ್ಲಿ ಹೇಳಿದರು, ಇಂಗ್ಲಿಷಿನಲ್ಲಿ, ನಾನು ಬರೆದೆ. ಹೀಗೆ ಮೂರು ಆದಿತ್ಯವಾರ. ಸುಳ್ಳನ್ನು ನಾನೇ ಕಟ್ಟಿ, ನಾನೇ ಎಣಿಸಿ, ನನ್ನದೇ ಅಕ್ಷರದಲ್ಲಿ ಅಂದವಾಗಿ ಬರೆಯುತ್ತಿದ್ದೆ. ಪ್ರತಿ ವಾರ ಬಸ್ಸಿನಲ್ಲಿ, ಇವತ್ತು ಹೇಳುತ್ತೇನೆ ಎಂದುಕೊಳ್ಳುವುದು. ವಾಪಸು ಬರುವಾಗ, ಸಾಲು ಸರಿಯಾಗಿಯೂ ಇರಬಹುದಲ್ಲ ಎಂದುಕೊಳ್ಳುವುದು.

ಶುದ್ಧಪ್ರತಿ ಮುಗಿಯುವ ಹೊತ್ತಿಗೆ ಅವರು ಬೆಳ್ತಂಗಡಿಗೆ ಹೋಗಿ, ಅಲ್ಲಿ ಜವಳಿ ಅಂಗಡಿ ಇಟ್ಟಿದ್ದ ಕಿರಿಯ ತಮ್ಮನ ಹತ್ತಿರ ಇದ್ದರು. ಸಹಿ ಹಾಕಿಸಿ ಅಲ್ಲಿಂದಲೇ ಅಂಚೆಗೆ ಹಾಕುವುದೆಂದು ಮಾತಾಗಿತ್ತು. ನಾನು ಕಾಗದಗಳನ್ನು ಹಿಡಿದು ಬೆಳ್ತಂಗಡಿಗೆ ಹೋದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆಯ ಥಾನುಗಳ ನಡುವೆ ಚಾಪೆ ಹಾಸಿ ಕೂತಿದ್ದರು. ಪೆನ್ನು ಕೊಡಿ ಎಂದು ಕೈಚಾಚಿದರು. ನಾನು ಕೊಡಲಿಲ್ಲ.

"ಸರ್, ಇದಕ್ಕೆ ಸಹಿ ಹಾಕಬೇಡಿ" ಎಂದೆ. ಒರಲೆಯ ಕಥೆಯನ್ನೆಲ್ಲ ಹೇಳಿದೆ. ಹೇಳುವಾಗ ಅಳು ಬರುತ್ತದೆಂದು ಹೆದರಿದ್ದೆ, ಬರಲಿಲ್ಲ. ಬರೀ ಸುಸ್ತು.

ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಹೊರಗೆ ಯಾರೋ ಸೀರೆಯ ಬೆಲೆಗೆ ಚೌಕಾಸಿ ಮಾಡುತ್ತಿದ್ದರು. ಕೊನೆಗೆ ಕೇಳಿದರು, "ಬಾಯಿಬಿಟ್ಟ ಚೀಲ ಯಾವುದು?"

"ನಾನು ಹತ್ತೊಂಬತ್ತು ಅಂತ ಬರೆದದ್ದು."

"ಚೆಲ್ಲಿದ ಮಣ್ಣು ಅದರದ್ದೇ ಅಂತ ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ಲ."

"ನನಗೆ ಕಣ್ಣು ಕಾಣುವುದಿಲ್ಲ ಅಂತ ಗೊತ್ತಿತ್ತಲ್ಲ ನಿಮಗೆ?" ಅವರ ಧ್ವನಿ ಏರಲಿಲ್ಲ. "ಅದಕ್ಕೇ ಅಲ್ವಾ ನಿಮ್ಮನ್ನು ಕರೆಸಿದ್ದು?"

ಇದಕ್ಕಿಂತ ಗಟ್ಟಿ ಮಾತನ್ನು ಅವರು ಅಂದೂ ಆಡಲಿಲ್ಲ, ಆಮೇಲೂ ಆಡಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಎರಡು ದಿನ ಬಿಟ್ಟು ಅವರು ಬಂಟ್ವಾಳಕ್ಕೆ ಮರಳಿದರು. ನನಗೆ ಬರಲು ಹೇಳಿಕಳುಹಿಸಿದರು. ನಾಲ್ಕು ಚೀಲಗಳಲ್ಲಿ ಉಳಿಸಿದ್ದ ಅರ್ಧ ಮಣ್ಣನ್ನು ತಟ್ಟೆಗಳಲ್ಲಿ ಹಾಕಿಸಿಕೊಂಡರು. ಹದಿನಾರು ಮತ್ತು ಇಪ್ಪತ್ತೊಂದನೆಯ ಚೀಲಗಳ ಚೀಟಿಗಳು ಸರಿಯಾಗಿದ್ದವು. ಆ ಎರಡರ ಮಣ್ಣನ್ನೂ ಬೇರೆ ತಟ್ಟೆಗಳಲ್ಲಿ ಹಾಕಿಸಿದರು. ಆಮೇಲೆ ಒಂದೊಂದು ತಟ್ಟೆಯಿಂದ ಚಿಟಿಕೆ ಮಣ್ಣು ತೆಗೆದು ಬೆರಳುಗಳ ನಡುವೆ ಉಜ್ಜಿದರು. ಬಾಯಿಗೆ ಹಾಕಿ ಮುಂದಿನ ಹಲ್ಲುಗಳ ನಡುವೆ ಮೆಲ್ಲನೆ ಅರೆದರು. ಉಗುಳಿ, ಬಾಯಿ ಮುಕ್ಕಳಿಸಿ, ಮುಂದಿನದು. ಬಾಗಿಲಲ್ಲಿ ನಿಂತಿದ್ದ ಅಕ್ಕ, "ಬೇಯಿಸಿದ್ದಾಯ್ತು, ಇನ್ನು ತಿನ್ನುವುದೂ ಆಯ್ತಾ?" ಎಂದರು. ಯಾರೂ ನಗಲಿಲ್ಲ.

"ಇದು ಹದಿನಾರರ ಪಕ್ಕದ್ದು, ನಿಜವಾದ ಹದಿನೇಳು. ಅದೇ ಗರಗರ ಮರಳು ಹಲ್ಲಿಗೆ ಸಿಗ್ತದೆ" ಎಂದು ನಾನು ಇಪ್ಪತ್ತು ಎಂದು ಬರೆದಿದ್ದ ಮಣ್ಣನ್ನು ತೋರಿಸಿದರು. ಹದಿನೆಂಟು ಎಂದು ಬರೆದಿದ್ದನ್ನು ಇಪ್ಪತ್ತೊಂದರ ಜೊತೆ ಇನ್ನೊಮ್ಮೆ ಅರೆದು ನೋಡಿದರು. "ಇದು ಸಾಬೂನಿನ ಹಾಗೆ ಜಾರ್ತದೆ. ಇದೇ ಇಪ್ಪತ್ತನೆಯದು."

ಅಂದರೆ ಹೋಗಿ ಮತ್ತೆ ಬಂದವೆಂಬುದಕ್ಕೆ ಆಧಾರವೇ ಇರಲಿಲ್ಲ. ನನ್ನ ಚೀಟಿಗಳಲ್ಲಿ ಮಾತ್ರ ಇತ್ತು.

ಉಳಿದ ಎರಡನ್ನು, ನಾನು ಹದಿನೇಳು ಮತ್ತು ಹತ್ತೊಂಬತ್ತು ಎಂದು ಬರೆದಿದ್ದವನ್ನು, ಅವರು ನಾಲ್ಕೈದು ಸಲ ಬಾಯಿಗೆ ಹಾಕಿಕೊಂಡರು. ಕೊನೆಗೆ ತಲೆಯಾಡಿಸಿದರು. "ಎರಡೂ ಒಂದೇ ಹಾಗೆ ಉಂಟು. ಗೊತ್ತಾಗುವುದಿಲ್ಲ."

ನಾನು ಆಸೆಯಿಂದ ಹೇಳಿದೆ, "ದೊಡ್ಡವು ತುಂಬ ಇರುವುದು ಕೆಳಗಿನದು, ಕೆಲವೇ ಇರುವುದು ಮೇಲಿನದು ಆಗಿರಬೇಕಲ್ವಾ ಸರ್? ಹಾಗಿದ್ದರೆ ಮೆಲ್ಲಮೆಲ್ಲನೆ ಕಡಿಮೆಯಾದವು ಅಂತ ನಿಮ್ಮ ಊಹೆಯೇ ಸರಿಯಾಗ್ತದೆ."

"ಚಿಪ್ಪು ನೋಡಿ ಮಣ್ಣಿನ ಸಾಲು ನಿರ್ಧರಿಸುವುದು, ಆ ಸಾಲು ನೋಡಿ ಚಿಪ್ಪಿನ ಕಥೆ ಹೇಳುವುದು. ಹಾಗೆ ಮಾಡುವ ಅಂತೀರಾ?" ಅವರು ಬಾಯಿ ಒರೆಸಿಕೊಂಡರು. "ಮತ್ತೆ ಆ ಕೆಲವು ದೊಡ್ಡವು ಅದರದ್ದೇ ಅಂತ ಯಾರಿಗೆ ಗೊತ್ತು? ಬಾಯಿಬಿಟ್ಟ ಚೀಲ ಅದೇ ಅಲ್ವಾ. ಪಕ್ಕದ ಚೀಲದಿಂದ ಒರಲೆ ತಂದು ಹಾಕಿರಬಹುದು, ನೀವೇ ತುಂಬಿಸಿರಬಹುದು. ಅವು ನಿಜವಾಗಿ ಬದುಕಿ ಉಳಿದವಾದರೆ ಮೆಲ್ಲನೆ ಹೋದವು ಅಂತ ಅರ್ಥ. ಹೊರಗಿನಿಂದ ಬಂದವಾದರೆ ಒಮ್ಮೆಲೇ ಹೋದವು ಅಂತ ಅರ್ಥ. ಯಾವುದು ಅಂತ ನಾನು ಹೇಗೆ ಹೇಳಲಿ?"

ನಾನು ಮತ್ತೆ ಆ ಹಳ್ಳಕ್ಕೆ ಹೋಗಿ ಮಣ್ಣು ತರುತ್ತೇನೆಂದೆ. ಬಾಯಿಮಾತಿಗೆ ಹೇಳಿದ್ದಲ್ಲ, ಬೇಸಗೆ ರಜೆಯಲ್ಲಿ ಹೋಗಲು ನಿಜವಾಗಿ ಸಿದ್ಧಳಾಗಿದ್ದೆ. ಅವರು ತಮ್ಮ ಹಳೆಯ ಸಹೋದ್ಯೋಗಿಯೊಬ್ಬರಿಗೆ ನನ್ನ ಕೈಯಿಂದಲೇ ಕಾಗದ ಬರೆಸಿದರು. ಎರಡು ತಿಂಗಳ ಮೇಲೆ ಉತ್ತರ ಬಂತು. ಆ ದಂಡೆಯನ್ನು ಕೆಡವಿ ಕಾಲುವೆ ಮಾಡಿದ್ದಾರೆ, ಬೇರೆ ಕಡೆ ಸಿಗಬಹುದು, ಸಮಯ ಸಿಕ್ಕರೆ ನೋಡುತ್ತೇನೆ ಎಂದಿತ್ತು. ಆ ಸಹೋದ್ಯೋಗಿಗೆ ಸಮಯ ಸಿಗಲಿಲ್ಲವೆಂದು ಕಾಣುತ್ತದೆ.

ಲೇಖನವನ್ನು ಮೊದಲಿನಿಂದ ಮತ್ತೆ ಬರೆದೆವು. ಹದಿನೇಳು ಮತ್ತು ಇಪ್ಪತ್ತನ್ನು ಸಹ ಅವರು ಸೇರಿಸಲಿಲ್ಲ. "ಹಲ್ಲಿನ ಸಾಕ್ಷಿ ನನಗೆ ಸಾಕು, ಬೇರೆಯವರಿಗೆ ಸಾಲದು" ಎಂದರು. ಕೋಷ್ಟಕದಲ್ಲಿ ಹದಿನಾರರ ನಂತರ ನಾಲ್ಕು ಸಾಲು ಖಾಲಿ, ಆಮೇಲೆ ಇಪ್ಪತ್ತೊಂದು. ಕೆಳಗೆ ಒಂದು ವಾಕ್ಯ: ಈ ಭಾಗದ ಮಣ್ಣು ಸಂಗ್ರಹದಲ್ಲಿ ಕಲಸಿಹೋಗಿದೆ, ಆದ್ದರಿಂದ ಪರಿಗಣಿಸಿಲ್ಲ. ಯಾರಿಂದ ಎಂದು ಬರೆಸಲಿಲ್ಲ. ನಾನು ಬರೆಯಬೇಕೇ ಎಂದು ಕೇಳಿದೆ. "ಒರಲೆಗೆ ಹೆಸರು ಎಂತದಕ್ಕೆ?" ಎಂದರು. ಅದು ಕ್ಷಮೆಯೋ ಮುನಿಸೋ ನನಗೆ ತಿಳಿಯಲಿಲ್ಲ.

ಅದು ಮಾರನೆಯ ವರ್ಷ ಅಚ್ಚಾಗಿ ಬಂತು. ತೆಳ್ಳಗಿನ ಪುಸ್ತಿಕೆ, ಏಳೆಂಟು ಪುಟ. ದೊಡ್ಡವು ಇದ್ದವು, ಆಮೇಲೆ ಇಲ್ಲ, ನಡುವಿನದು ತಿಳಿಯದು: ಒಟ್ಟು ಸಾರಾಂಶ ಅಷ್ಟೇ. ನಾನು ಕಿಟಕಿಯ ಹತ್ತಿರ ಕೂತು ಅವರಿಗೆ ಪೂರ್ತಿ ಓದಿ ಹೇಳಿದೆ. ಖಾಲಿ ಸಾಲುಗಳ ವಾಕ್ಯ ಬಂದಾಗ ನನ್ನ ಧ್ವನಿ ತಗ್ಗಿತು. "ಜೋರಾಗಿ ಓದಿ" ಎಂದರು. ಓದಿದೆ.

ಮುಗಿದ ಮೇಲೆ ಪುಸ್ತಿಕೆಯನ್ನು ಅವರ ಕೈಗೆ ಕೊಟ್ಟೆ. ಮುಂದಿನ ಆದಿತ್ಯವಾರ ಬರುವ ಕೆಲಸ ಇನ್ನಿರಲಿಲ್ಲ. ಅಕ್ಕ ಊಟಕ್ಕೆ ಕರೆದರು. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ. ಉಣ್ಣುವಾಗ ಅವರು ನನ್ನ ಕಿವಿಯ ಕಡೆ ತಿರುಗಿ, "ನಿಮ್ಮ ಕಣ್ಣಿನ ನೀರು ಈಗ ಹೇಗುಂಟು ಟೀಚರ್?" ಎಂದು ಕೇಳಿದರು. ನಾನು ಅದರ ಬಗ್ಗೆ ಅವರಿಗೆ ಒಮ್ಮೆಯೂ ಹೇಳಿರಲಿಲ್ಲ. ಒರೆಸಿಕೊಳ್ಳುವ ಸದ್ದು ಅವರಿಗೆ ಎರಡು ವರ್ಷವೂ ಕೇಳಿತ್ತಂತೆ.

"ಕಡಿಮೆಯಾಗಿದೆ" ಎಂದೆ.

"ಒಮ್ಮೆ ತೋರಿಸಿಕೊಳ್ಳಿ. ಸದರ ಮಾಡಬೇಡಿ" ಎಂದರು.

ಮೂಡಬಿದ್ರೆಗೆ ಮರಳುವ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದೆ. ನನ್ನ ನಿಲ್ದಾಣ ದಾಟಿ ಮುಂದೆ ಹೋದ ಮೇಲೆ ಕಂಡಕ್ಟರು ಎಬ್ಬಿಸಿದ. ಇಳಿದು, ಬಂದ ದಾರಿಯಲ್ಲೇ ಮನೆಯ ಕಡೆ ನಿಧಾನವಾಗಿ ನಡೆದೆ.